ಬಾಗಿಲು ಕಾಯಲು ಬೇಕು, ಮೇಜಿನ ಹಿಂದೆ ಬೇಡ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಚುನಾವಣೆ ಬಂತೆಂದರೆ ಮೊದಲು ಕೇಳಿಬರುವುದು ‘ಅಂವಾ ಯಾರ ಮಂದಿ?’ ಎಂಬ ಪ್ರಶ್ನೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಗೋಕಾಕದಿಂದ ರಮೇಶ, ಅರಭಾವಿಯಿಂದ ಬಾಲಚಂದ್ರ, ಯಮಕನಮರಡಿಯಿಂದ ಸತೀಶ ಹೀಗೆ ಮೂವರು ಜಾರಕಿಹೊಳಿ ಸಹೋದರರು ಎರಡು ಪಕ್ಷಗಳಿಂದ ಗೆದ್ದರು. ಹುಕ್ಕೇರಿಯಲ್ಲಿ ಗೆದ್ದದ್ದು ಕತ್ತಿ ಮನೆತನದ ನಿಖಿಲ್. ಊರಿಗೆ ಕರೆಂಟು ಹಂಚುವ ಹುಕ್ಕೇರಿ ವಿದ್ಯುತ್ ಸಹಕಾರ ಸಂಘದ ಚುನಾವಣೆಯೂ 2025ರಲ್ಲಿ ವಿಧಾನಸಭೆಯದ್ದರಷ್ಟೇ ಕಾವೇರಿತ್ತು. ಇಂಥಲ್ಲಿ ಮತಗಟ್ಟೆಯ ಮೇಜಿನ ಹಿಂದೆ ಕೂತವರು ಯಾರ ಮಂದಿಯೂ ಅಲ್ಲ ಎಂಬ ನಂಬಿಕೆ ಮತದಾರನಿಗೆ ಬೇಕೇ ಬೇಕು.

ಈಗ ಅಲ್ಲಿ ಕೂರುವವರಲ್ಲಿ ಬಹಳಷ್ಟು ಮಂದಿ ಶಿಕ್ಷಕರು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 159ನೇ ಕಲಂ ಸರ್ಕಾರಿ, ಸ್ಥಳೀಯ ಸಂಸ್ಥೆಗಳ, ಅನುದಾನಿತ ಸಂಸ್ಥೆಗಳ ಸಿಬ್ಬಂದಿಯನ್ನು ಚುನಾವಣೆಗೆ ಒದಗಿಸಬೇಕೆನ್ನುತ್ತದೆ. ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆಯೂ ಜನಗಣತಿ, ವಿಪತ್ತು ಪರಿಹಾರದ ಜೊತೆ ಚುನಾವಣೆಗೆ ವಿನಾಯಿತಿ ಕೊಟ್ಟಿದೆ. ರಜಾ ದಿನಗಳಲ್ಲಿ, ಪಾಠವಿಲ್ಲದ ದಿನಗಳಲ್ಲಿ ಮಾತ್ರ ಶಿಕ್ಷಕರನ್ನು ಬಳಸಿ ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿತ್ತು. ಆದರೂ ಎಲೆಕ್ಷನ್ ಡ್ಯೂಟಿಯ ಆದೇಶ ಬಂದಾಗ ಶಾಲೆಯಲ್ಲಿ ಬಿಡುವಿದೆಯೇ ಎಂದು ಕೇಳುವವರು ಯಾರು?

ಇತ್ತ ಇದೇ ಜಿಲ್ಲೆಯಲ್ಲಿ ಮಾಜಿ ಸೈನಿಕರಿಗೆ ಬರವಿಲ್ಲ. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಇರುವುದೇ ಬೆಳಗಾವಿಯಲ್ಲಿ. ನಲವತ್ತರ ಆಸುಪಾಸಿನಲ್ಲೇ ಪಿಂಚಣಿ ಹಿಡಿದು ಊರಿಗೆ ಬರುವ ಜವಾನನಿಗೆ ಆದೇಶ ಓದುವುದು, ನಮೂನೆ ತುಂಬುವುದು, ಸಾಮಗ್ರಿಯ ಲೆಕ್ಕ ಒಪ್ಪಿಸುವುದು ಹೊಸದೇನಲ್ಲ. ಬೆಳಗಿನ ಅಣಕು ಮತದಾನದಲ್ಲಿ ಐವತ್ತು ಮತ ಹಾಕಿಸಿ ತಾಳೆ ನೋಡುವುದರಿಂದ ಸಂಜೆ ಬಿದ್ದ ಮತಗಳ ಲೆಕ್ಕದ 17ಸಿ ನಮೂನೆಗೆ ಸಹಿ ಮಾಡುವವರೆಗಿನ ಕೆಲಸ ಅವನಿಗೆ ಒಗ್ಗುವಂಥದೇ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಅವನಿಗೆ ಶೇ 10 ಮೀಸಲಾತಿಯೂ ಉಂಟು. ಆದರೆ ಮತದಾನದ ದಿನ ಅವನ ನೆನಪಾಗುವುದು ಬಂದೋಬಸ್ತಿಗೆ ಮಾತ್ರ, ಅಂದರೆ ಬಾಗಿಲ ಬಳಿ ಸಾಲು ಸರಿಮಾಡಲಿಕ್ಕೆ.

ವಿಕಲಚೇತನರ ಪಾಡು ಇನ್ನೂ ವಿಚಿತ್ರ. ನೌಕರರಾಗಿದ್ದರೆ ಸಾಮಾನ್ಯವಾಗಿ ಅವರನ್ನು ಡ್ಯೂಟಿಯಿಂದ ಕೈಬಿಡುತ್ತಾರೆ. ಕಾಳಜಿ ಸರಿ, ಆದರೆ ಅವರನ್ನು ಯಾರೂ ಕೇಳಿರುವುದಿಲ್ಲ. ಅವರೇ ಪೂರ್ತಿ ನಡೆಸುವ ಮತಗಟ್ಟೆಗಳನ್ನು ಚುನಾವಣಾ ಆಯೋಗ ಇತ್ತೀಚೆಗೆ ತೆರೆಯುತ್ತಿದೆ, 2023ರಲ್ಲಿ ಕರ್ನಾಟಕದಲ್ಲೂ ತೆರೆದಿತ್ತು. ಬಲೂನು ಕಟ್ಟಿ, ಫೋಟೊ ತೆಗೆಸಿಕೊಳ್ಳುವ ಈ ಮಾದರಿ ಮತಗಟ್ಟೆಗಳಲ್ಲಿ ಕೆಲಸ ಸಲೀಸಾಗಿ ನಡೆದಿದ್ದರೆ, ಉಳಿದ ಮತಗಟ್ಟೆಗಳಲ್ಲಿ ಏಕೆ ನಡೆಯಬಾರದು?

ಇನ್ನೊಬ್ಬರಿದ್ದಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗೌರವಧನಕ್ಕೆ ದುಡಿಯುವ ಇವರನ್ನು ಆರಿಸುವುದೇ ವಿಕಲಚೇತನರ ನಡುವಿನಿಂದ. ಯಾವ ಮನೆಯಲ್ಲಿ ಯಾರಿಗೆ ಕಣ್ಣು ಕಾಣದು, ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಇವರಿಗೆ ಬಾಯಿಪಾಠ. 2023ರಲ್ಲಿ ರಾಜ್ಯದಲ್ಲಿ ಮೊದಲ ಬಾರಿಗೆ ಎಂಬತ್ತು ದಾಟಿದವರಿಗೆ, ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಸಿಕ್ಕಾಗ ಬೇಕಾಗಿದ್ದದ್ದು ಇದೇ ತಿಳಿವಳಿಕೆ. ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿಗಳ (ಬಿಎಲ್‌ಒ) ಗೌರವಧನವನ್ನು ಆಯೋಗ 2025ರಲ್ಲಿ ವರ್ಷಕ್ಕೆ 6,000ದಿಂದ 12,000 ರೂಪಾಯಿಗೆ ಏರಿಸಿದೆ. ಆ ಕೆಲಸಕ್ಕೆ ಶಿಕ್ಷಕರನ್ನೂ ಅಂಗನವಾಡಿ ಕಾರ್ಯಕರ್ತೆಯರನ್ನೂ ಹಿಡಿದೆಳೆಯುವ ಮೊದಲು, ಮನಸ್ಸಿದ್ದ ಪುನರ್ವಸತಿ ಕಾರ್ಯಕರ್ತರನ್ನು ಕೇಳುವುದು ಜಾಣತನ.

ತೊಡಕಿಲ್ಲವೆಂದಲ್ಲ. ಮಾಜಿ ಸೈನಿಕನಿಗೂ ಊರಿನ ನಂಟು, ಪಕ್ಷದ ಗಂಟು ಇರಬಹುದು. ನೌಕರನಾದರೆ ತಪ್ಪಿಗೆ ಅಮಾನತು ಮಾಡಬಹುದು, ಪಿಂಚಣಿದಾರನನ್ನು ಏನು ಮಾಡುವುದು? ಒಪ್ಪಂದಪತ್ರ, ತರಬೇತಿ, ಬೇರೆ ಕ್ಷೇತ್ರಕ್ಕೆ ನಿಯೋಜನೆ ಎಲ್ಲವೂ ಬೇಕಾದೀತು. ಗೋಕಾಕದವನನ್ನು ಹುಕ್ಕೇರಿಗೆ ಕಳಿಸಿದರೆ ಲೋಕಸಭಾ ಕ್ಷೇತ್ರವೇ ಬೇರೆಯಾಗುತ್ತದೆ: ಅದು ಬೆಳಗಾವಿ, ಇದು ಚಿಕ್ಕೋಡಿ. ಆದರೂ ಇದು ಆಗದ ಮಾತಲ್ಲ: ಅಮೆರಿಕದಲ್ಲಿ ಮತಗಟ್ಟೆಗೆ ಜನ ಸಾಲದಾದಾಗ, ಮಾಜಿ ಸೈನಿಕರನ್ನು ಕರೆತರುವ ‘ವೆಟ್ ದ ವೋಟ್’ ಅಭಿಯಾನ 2022ರಲ್ಲಿ ಶುರುವಾಯಿತು.

ಇಲ್ಲಿ ಇದನ್ನು ಪ್ರಯೋಗಿಸಿ ನೋಡಲು ಲೋಕಸಭಾ ಚುನಾವಣೆಗಾಗಿ ಕಾಯಬೇಕಿಲ್ಲ. 2021ರಲ್ಲೇ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಗಿದೆ. ಅದನ್ನು ನಡೆಸುವ ಹೊಣೆ ರಾಜ್ಯ ಚುನಾವಣಾ ಆಯೋಗದ್ದು. ಮೂಡಲಗಿಯಂಥ ಒಂದು ಸಣ್ಣ ತಾಲ್ಲೂಕಿನಲ್ಲಿ ಪ್ರತಿ ಮತಗಟ್ಟೆಯ ತಂಡದಲ್ಲೂ ಒಬ್ಬ ಮಾಜಿ ಸೈನಿಕನಿಗೋ ವಿಕಲಚೇತನರಿಗೋ ಜಾಗ ಕೊಡಲು ಅದು ಸೈನಿಕ ಕಲ್ಯಾಣ ಇಲಾಖೆಯಿಂದಲೂ ವಿಕಲಚೇತನರ ಇಲಾಖೆಯಿಂದಲೂ ಇಚ್ಛೆಯುಳ್ಳವರ ಪಟ್ಟಿಯನ್ನು ಈಗಲೇ ತರಿಸಿಕೊಳ್ಳಬಹುದು.