ಬೆನ್ನುನೋವೂ ಹಸ್ತಚಿಕಿತ್ಸೆಯೂ



ಬೆನ್ನುನೋವಿಗೆ ಕೈರೋಪ್ರ್ಯಾಕ್ಟಿಕ್ ಎಂಬ ಚಿಕಿತ್ಸೆಯನ್ನು ಮಾಡಿಸಿಕೊಳ್ಳಬಹುದೆ, ಬಾರದೆ ಎಂಬ ಪ್ರಶ್ನೆಯು ಈಗ ಅನೇಕ ಗೃಹಸ್ಥರ ಮನೆಗಳಲ್ಲಿ ಏಳುತ್ತಿರುವುದು. ನಾವು ವೈದ್ಯರಲ್ಲ, ಮಕ್ಕಳಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತರಾದ ಉಪಾಧ್ಯಾಯರು. ಆದರೂ ಈ ಪ್ರಶ್ನೆಯನ್ನು ಒಮ್ಮೆ ನಮ್ಮ ಬೆನ್ನೇ ನಮ್ಮನ್ನು ಕೇಳಿದುದರಿಂದ, ಆಗ ವಿಚಾರಿಸಿ ತಿಳಿದುದನ್ನು ಇಲ್ಲಿ ನಿವೇದಿಸುವೆವು.

2023ನೆಯ ಇಸವಿಯ ಚಳಿಗಾಲದಲ್ಲಿ ನಾವು ದಂಪತಿಗಳು ಅಮೆರಿಕದ ಅಯೋವಾ ಸಂಸ್ಥಾನದಲ್ಲಿರುವ ಮಗಳ ಮನೆಯಲ್ಲಿದ್ದೆವು. ಒಂದು ಬೆಳಿಗ್ಗೆ ಅಂಗಳದ ಹಿಮವನ್ನು ಸಲಿಕೆಯಿಂದ ಎತ್ತಿ ಹಾಕುವ ಉತ್ಸಾಹ ನಮಗುಂಟಾಯಿತು. ಹತ್ತನೆಯ ಸಲಿಕೆಗೆ ಸೊಂಟ ಹಿಡಿಯಿತು; ಬಾಗಿದವರು ಬಾಗಿದಂತೆಯೇ ಒಳಕ್ಕೆ ಬಂದೆವು. "ಮಾವನವರೆ, ನಾಳೆಯೇ ಕೈರೋಪ್ರ್ಯಾಕ್ಟರ ಬಳಿಗೆ ಹೋಗೋಣ, ಎರಡು ಸಲ ಒತ್ತಿದರೆ ಎದ್ದು ಓಡಾಡುವಿರಿ" ಎಂದರು ಅಳಿಯಂದಿರು. "ಮೊದಲು ಡಾಕ್ಟರು ನೋಡಲಿ, ಅಪ್ಪ" ಎಂದಳು ಮಗಳು. ನಮ್ಮ ಗೃಹಿಣಿಯಾದರೋ ಮಾತಾಡದೆ ಎಣ್ಣೆ ಕಾಯಿಸಲು ಹೊರಟಳು.

ಆ ಚಿಕಿತ್ಸೆಯ ಜನ್ಮಭೂಮಿ ಅದೇ ಸಂಸ್ಥಾನವೆಂಬುದು ನಮಗೆ ಆಮೇಲೆ ತಿಳಿಯಿತು. ಮಿಸಿಸಿಪ್ಪಿ ನದಿಯ ದಡದ ಡ್ಯಾವೆನ್‌ಪೋರ್ಟ್ ಪಟ್ಟಣದಲ್ಲಿ 1895ರಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತನು ಇದನ್ನು ಆರಂಭಿಸಿದನು. 1897ರಲ್ಲಿ ಅಲ್ಲಿಯೇ ಪಾಠಶಾಲೆಯನ್ನೂ ಸ್ಥಾಪಿಸಿದನು. ಹಾರ್ವಿ ಲಿಲ್ಲರ್ಡ್ ಎಂಬ ಮಂದಶ್ರವಣನ ಬೆನ್ನುಮಣಿಯನ್ನು ಒತ್ತಲು ಅವನ ಕಿವಿ ಕೇಳಿಸಿತೆಂಬುದು ಈ ಸಂಪ್ರದಾಯದ ಮೂಲಕಥೆ. ಗ್ರೀಕ್ ಭಾಷೆಯಲ್ಲಿ "ಕೈರ್" ಎಂದರೆ ಕೈ; ಕೈಯಿಂದ ಮಾಡತಕ್ಕದ್ದೆಂಬುದೇ ಈ ಹೆಸರಿನ ಅರ್ಥ. ಬೆನ್ನುಮಣಿಗಳು ತಪ್ಪಿದ ಕಾರಣದಿಂದಲೇ ಬಹುಪಾಲು ರೋಗಗಳು ಹುಟ್ಟುವುವೆಂದು ಪಾಮರನು ಸಾರಿದನು. ಈ ಸಿದ್ಧಾಂತಕ್ಕೆ ಪ್ರಮಾಣ ದೊರೆತಿಲ್ಲ. ಕಿವಿಯ ನರವು ಮಿದುಳಿನಿಂದಲೇ ಹೊರಡುವುದಲ್ಲದೆ ಬೆನ್ನೆಲುಬಿನ ಮೂಲಕ ಹಾಯುವುದಿಲ್ಲ. ಒತ್ತಿದಾಗ ಕೇಳಿಸುವ "ಲಟಕ್" ಎಂಬ ಶಬ್ದವೂ ಮೂಳೆ ಸ್ವಸ್ಥಾನಕ್ಕೆ ಸೇರಿದ ಸದ್ದಲ್ಲ; ಕೀಲಿನೊಳಗಣ ದ್ರವದಲ್ಲಿ ವಾಯುವಿನ ಗುಳ್ಳೆಯಿಂದ ಆಗತಕ್ಕದ್ದು.

ಹಾಗಾದರೆ ಇದೆಲ್ಲವೂ ಹುಸಿಯೆ? ಹಾಗೆನ್ನುವುದೂ ನ್ಯಾಯವಲ್ಲ. ಸಿದ್ಧಾಂತವು ತಪ್ಪಾದ ಮಾತ್ರಕ್ಕೆ ಕೈಯ ಕೆಲಸವೆಲ್ಲ ವ್ಯರ್ಥವೆಂದಾಗುವುದಿಲ್ಲ. ಹೊಸದಾಗಿ ಬಂದ ಸೊಂಟನೋವಿಗೆ ಬೆನ್ನುಮಣಿಗಳನ್ನು ಒತ್ತುವ ಚಿಕಿತ್ಸೆಯಿಂದ ಸ್ವಲ್ಪಮಟ್ಟಿನ ಉಪಶಮನವುಂಟೆಂದು ಅನೇಕ ಪರೀಕ್ಷೆಗಳಿಂದ ಕಂಡುಬಂದಿರುವುದು. 2017ರಲ್ಲಿ ಅಮೆರಿಕದ ವೈದ್ಯರ ಕಾಲೇಜು ಪ್ರಕಟಿಸಿದ ಸೂಚನೆಗಳಲ್ಲಿ, ಇಂತಹ ನೋವಿಗೆ ಔಷಧಕ್ಕಿಂತ ಮೊದಲು ಯೋಚಿಸತಕ್ಕ ಉಪಾಯಗಳಾಗಿ ಶಾಖ, ಅಂಗಮರ್ದನ ಮೊದಲಾದುವುಗಳೊಡನೆ ಇದನ್ನೂ ಹೇಳಿದ್ದಾರೆ. ಗೃಹಿಣಿಯ ಎಣ್ಣೆಬಟ್ಟಲಿಗೂ ಅಲ್ಲಿ ಸ್ಥಾನ ದೊರೆತಂತಾಯಿತು!

ಇನ್ನು ಅಪಾಯದ ವಿಷಯ. ಒತ್ತಿಸಿಕೊಂಡ ಮೇಲೆ ಒಂದೆರಡು ದಿನ ಮೈನೋವಿರುವುದು ಸಾಮಾನ್ಯ. ಕುತ್ತಿಗೆಯನ್ನು ಥಟ್ಟನೆ ತಿರುಗಿಸುವುದು ಮಾತ್ರ ಬೇರೆ ಮಾತು. ಮಿದುಳಿಗೆ ರಕ್ತವನ್ನೊಯ್ಯುವ ನಾಳವು ಸೀಳಿ ಪಾರ್ಶ್ವವಾಯು ಬಡಿದ ಪ್ರಸಂಗಗಳು, ಅತಿ ವಿರಳವಾದರೂ, ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ. ಮೂಳೆ ಟೊಳ್ಳಾದವರು, ಅರ್ಬುದರೋಗವಿದ್ದವರು, ರಕ್ತವನ್ನು ತೆಳುಮಾಡುವ ಔಷಧ ಸೇವಿಸುವವರು ವೈದ್ಯರ ಅಪ್ಪಣೆಯಿಲ್ಲದೆ ಇದಕ್ಕೆ ಮೈಯೊಡ್ಡಬಾರದು. ಬೆನ್ನುನೋವಿನೊಡನೆ ಕಾಲು ಬಲಗುಂದಿದರೆ, ತೊಡೆಯ ಸಂದು ಮರಗಟ್ಟಿದರೆ, ಮೂತ್ರವು ತಡೆದರೆ ಅಥವಾ ಹತೋಟಿ ತಪ್ಪಿದರೆ ಯಾವ ಹಸ್ತಚಿಕಿತ್ಸೆಗೂ ಹೋಗದೆ ಕೂಡಲೇ ಆಸ್ಪತ್ರೆಗೆ ಓಡತಕ್ಕದ್ದು. ಜ್ವರ, ಕಾರಣವಿಲ್ಲದ ದೇಹಕ್ಷಯ, ಬಿದ್ದು ಪೆಟ್ಟಾದ ನೋವು ಇವೂ ಮೊದಲು ಡಾಕ್ಟರಿಗೆ ತೋರಿಸಬೇಕಾದವು.

ಕಡೆಗೆ ನಾವು ಮಾಡಿದುದಿಷ್ಟು. ಮೊದಲು ಡಾಕ್ಟರು ಪರೀಕ್ಷಿಸಿ ಭಯವಿಲ್ಲವೆಂದರು. ತರುವಾಯ ಅಳಿಯಂದಿರ ಮಾತಿಗೆ ಬೆಲೆಗೊಟ್ಟು ಎರಡು ಸಲ ಸೊಂಟವನ್ನು ಮಾತ್ರ ಒತ್ತಿಸಿಕೊಂಡೆವು, ಕುತ್ತಿಗೆಯನ್ನು ಮುಟ್ಟಗೊಡಲಿಲ್ಲ. ಸ್ವಲ್ಪ ಹಗುರವೆನಿಸಿತು. ಆಗ ಅವರು ಇಪ್ಪತ್ತನಾಲ್ಕು ಸಲದ ಹಣವನ್ನು ಮುಂಗಡವಾಗಿ ಕೊಡಬೇಕೆಂದರು. ನೋವು ಹೋದಮೇಲೂ ಬರುತ್ತಿರಬೇಕೆಂದರು. ನಾವು ನಮಸ್ಕರಿಸಿ ಹೊರಟುಬಂದೆವು. ದಿನವೂ ಮನೆಯೊಳಗೇ ನಡೆದಾಡಿದೆವು. ನಾಲ್ಕನೆಯ ವಾರಕ್ಕೆ ನೋವು ಮಾಯವಾಯಿತು. ಒತ್ತಿದುದರಿಂದಲೋ, ಎಣ್ಣೆಯಿಂದಲೋ, ನಡಿಗೆಯಿಂದಲೋ? ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದರೆ ಕಾಗೆಯೇ ಕೆಡವಿತೆನ್ನುವುದು ಕಾಕತಾಲೀಯ ನ್ಯಾಯ. ಇಂತಹ ಸೊಂಟನೋವು ಬಹುಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವುದೆಂಬುದನ್ನು ಮರೆಯಲಾಗದು.

ನಮಗೆ ಕಷ್ಟವಾದ ನಿರ್ಧಾರವು ನಮ್ಮದಲ್ಲ, ಗೃಹಿಣಿಯದು. ಆಕೆಗೆ ಬಹುಕಾಲದಿಂದ ಕುತ್ತಿಗೆನೋವು. ಮೂಳೆಗಳು ಟೊಳ್ಳಾಗಿವೆಯೆಂದು ಊರಿನ ಡಾಕ್ಟರು ಮೊದಲೇ ಹೇಳಿದ್ದರು. ನಾವು ನೆಟ್ಟಗಾದುದನ್ನು ಕಂಡು ತಾನೂ ಹೋಗುವೆನೆಂದಳು. ಬೇಡವೆಂದೆವು. "ನಿಮ್ಮ ಬೆನ್ನಿಗಾದರೆ ಆಗಬಹುದು, ನನ್ನ ಕುತ್ತಿಗೆಗೆ ಆಗಬಾರದೆ?" ಎಂದು ಎರಡು ದಿನ ಮೌನವಾಗಿದ್ದಳು. ಆ ಮೌನವು ಸೊಂಟನೋವಿಗಿಂತ ದುಸ್ಸಹವಾಗಿತ್ತು. ಮೂರನೆಯ ದಿನ ಮಗಳು ಆಕೆಯನ್ನು ಕೂರಿಸಿಕೊಂಡು ಕಾರಣವನ್ನೆಲ್ಲ ಬಿಡಿಸಿ ಹೇಳಿದಳು. ಕಾರಣ ಹೇಳದೆ "ಬೇಡ" ಎಂದುದೇ ನಮ್ಮ ತಪ್ಪೆಂದು ಆಗ ತಿಳಿಯಿತು. ಊರಿಗೆ ಬಂದಮೇಲೆ ಫಿಸಿಯೋಥೆರಪಿಯವರು ಕಲಿಸಿದ ವ್ಯಾಯಾಮವನ್ನು ಆಕೆ ಈಗಲೂ ಮಾಡುತ್ತಿರುವಳು. ನೋವು ಪೂರ್ತಿ ಹೋಗಿಲ್ಲ, ರಾತ್ರಿ ನಿದ್ರೆಯಂತೂ ಬರುತ್ತಿದೆ.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿದು. ಮೊದಲು ವೈದ್ಯರ ಪರೀಕ್ಷೆಯಾಗಲಿ. ಅಮೆರಿಕದ ಸಂಸ್ಥಾನಗಳಲ್ಲಿ ಈ ವೃತ್ತಿಗೆ ಪರವಾನಗಿಯ ಕಟ್ಟುಪಾಡುಂಟು; ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕ ಮಂಡಳಿಯಿಲ್ಲದುದರಿಂದ, ಫಲಕವನ್ನು ನೋಡಿ ನಂಬದೆ ಎಲ್ಲಿ ಎಷ್ಟು ವರ್ಷ ಕಲಿತರೆಂದು ಕೇಳಿರಿ. ಸೊಂಟಕ್ಕೆ ಕೆಲವು ಸಲ ನೋಡಬಹುದು. ಗುಣ ಕಾಣದಿದ್ದರೆ ನಿಲ್ಲಿಸಿರಿ. ಮುಂಗಡ ಕೊಡಬೇಡಿರಿ. ಸಕಲ ರೋಗಗಳನ್ನೂ ಬೆನ್ನು ಒತ್ತಿಯೇ ಕಳೆಯುವೆನೆಂಬವರಿಂದ ದೂರವಿರಿ. ಮನೆಯವರಿಗೆ ಬೇಡವೆನ್ನುವಾಗ ಕಾರಣವನ್ನೂ ಹೇಳಿರಿ. ಹಿಮ ತೆಗೆಯುವ ಉತ್ಸಾಹ ಬಂದಾಗ ಅಳಿಯಂದಿರನ್ನು ಕರೆಯಿರಿ.