ಹಳೆಯ ಟ್ರ್ಯಾಕ್ಟರಿನ ಇಂಜಿನ್ನನ್ನು ಬಿಚ್ಚಿಸುವ ಮುನ್ನ

ಇಂಡಿ ತಾಲೂಕಿನ ಲಚ್ಯಾಣ ಮೊದಲಾದ ಗ್ರಾಮಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಸುಗ್ಗಿ ಮುಗಿಯುತ್ತಲೇ ಮಾಗಿ ಉಳುಮೆಯ ಭಾರವು ಟ್ರ್ಯಾಕ್ಟರಿನ ಮೇಲೆ ಬೀಳುತ್ತದೆ. ಹಳೆಯ ಯಂತ್ರವು ಆಗ ಹೊಗೆಯುಗುಳಿ ಬಲಗುಂದಿದರೆ, ಇಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿಸಿ ಹೊಸದಾಗಿ ಕಟ್ಟಿಸಲು ಮಾಲೀಕರು ಅವಸರಪಡುವುದುಂಟು. ಪರೀಕ್ಷೆಯಿಲ್ಲದೆ ಹೀಗೆ ನಿಶ್ಚಯಿಸುವುದು ಹಣಕ್ಕೂ ಹಂಗಾಮಿಗೂ ಹಾನಿಕರವಾದುದು.

ಡೀಸೆಲ್ ಇಂಜಿನ್ನಿನಲ್ಲಿ ಇಂಧನವು ಕಿಡಿಯಿಂದ ಹೊತ್ತುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಅದರ ಗಾತ್ರದ ಸುಮಾರು 16ರಿಂದ 18ನೆಯ ಒಂದು ಪಾಲಿಗೆ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಹೊತ್ತುತ್ತದೆ. ಆದುದರಿಂದ ಆ ಒತ್ತಡವು ನಿಲ್ಲುತ್ತಿದೆಯೋ ಸೋರುತ್ತಿದೆಯೋ ಎಂಬುದನ್ನೇ ಮೊದಲು ತಿಳಿಯತಕ್ಕದ್ದು.

ಹೊಗೆಯ ಬಣ್ಣವು ಸುಳಿವನ್ನು ಕೊಡುವುದೇ ಹೊರತು ತೀರ್ಪನ್ನಲ್ಲ. ಕಪ್ಪು ಹೊಗೆಗೆ ಧೂಳು ಕಟ್ಟಿದ ಏರ್ ಕ್ಲೀನರ್, ಕೆಟ್ಟ ನೋಝಲ್ ಅಥವಾ ಮಿತಿಮೀರಿದ ಭಾರ ಕಾರಣವಾಗಿರಬಹುದು; ಇವುಗಳ ರಿಪೇರಿ ಅಲ್ಪ ವೆಚ್ಚದ್ದು. ನೀಲಿ ಹೊಗೆಯು ಆಯಿಲ್ ಸುಡುತ್ತಿರುವುದರ ಗುರುತು. ಇಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಇಲ್ಲವೆ ನೀರು ಒಳಸೇರುತ್ತಿದೆ ಎಂದು ಶಂಕಿಸಬೇಕು.

ಬಳಿಕ ಅನುಭವಸ್ಥ ಮೇಸ್ತ್ರಿಯಿಂದ ಕಂಪ್ರೆಷನ್ ಅಳೆಯಿಸತಕ್ಕದ್ದು. ಅದು ಕಡಿಮೆಯಿದ್ದಲ್ಲಿ, ಎರಡೂ ವಾಲ್ವುಗಳು ಮುಚ್ಚಿರುವಾಗ ನೋಝಲಿನ ರಂಧ್ರದಿಂದ ಗಾಳಿಯನ್ನು ತುಂಬಿಸಿ ಆಲಿಸಬೇಕು. ಸೈಲೆನ್ಸರಿನಲ್ಲಾಗಲಿ ಏರ್ ಕ್ಲೀನರಿನಲ್ಲಾಗಲಿ ಗಾಳಿ ಸುಯ್ಗುಟ್ಟಿದರೆ ದೋಷವು ವಾಲ್ವಿನದು. ರೇಡಿಯೇಟರಿನಲ್ಲಿ ಗುಳ್ಳೆಗಳೆದ್ದರೆ ಹೆಡ್ ಗ್ಯಾಸ್ಕೆಟಿನದೋ ಬಿರುಕಿನದೋ ಆಗಿರುತ್ತದೆ. ಇಂತಹವುಗಳಿಗೆ ಹೆಡ್ಡನ್ನು ಮಾತ್ರ ಇಳಿಸಿದರೆ ಬಹುಮಟ್ಟಿಗೆ ಸಾಕು. ಆಯಿಲ್ ತುಂಬುವ ಬಾಯಿಯಿಂದ ಗಾಳಿ ರಭಸವಾಗಿ ಹೊರಟರೆ ಮಾತ್ರ ರಿಂಗು, ಲೈನರುಗಳು ಸವೆದಿವೆಯೆಂದು ತಿಳಿಯಬೇಕು.

ಆದರೆ ಮಿತವ್ಯಯದ ಹೆಸರಿನಲ್ಲಿ ವಿಳಂಬವೂ ಸಲ್ಲದು. ಇಂಜಿನ್ ಕಾದಾಗ ಆಯಿಲ್ ಪ್ರೆಷರ್ ಕುಸಿಯುವುದು, ಆಯಿಲಿನಲ್ಲಿ ಲೋಹದ ಚೂರುಗಳು ಹೊಳೆಯುವುದು, ತಳದಿಂದ ಗುದ್ದಿದಂತೆ ಸದ್ದು ಬರುವುದು ಕಂಡೊಡನೆ ಯಂತ್ರವನ್ನು ನಿಲ್ಲಿಸಬೇಕು. ಇನ್ನೊಂದು ಸಾಲು ಹೊಡೆಯುವ ಆಸೆಗೆ ಕ್ರ್ಯಾಂಕ್ ಶಾಫ್ಟೇ ಹಾಳಾದೀತು.

ಇಂಜಿನ್ ಕಟ್ಟಿಸುವುದೇ ನಿಶ್ಚಯವಾದರೆ, ಬಿಡಿಭಾಗಗಳು ದೊರೆಯುವವೇ, ತಗಲುವ ಖರ್ಚು ಆ ಟ್ರ್ಯಾಕ್ಟರಿನ ಬೆಲೆಗೆ ತಕ್ಕುದೇ ಎಂಬುದನ್ನು ಮುಂಗಡವಾಗಿ ವಿಚಾರಿಸುವುದು ಲೇಸು. ಏರ್ ಕ್ಲೀನರಿನ ಕೊಳವೆಯಲ್ಲಿ ಬಿರುಕು ಹಾಗೆಯೇ ಉಳಿದರೆ ಎರೆಮಣ್ಣಿನ ಧೂಳು ಹೊಸ ಲೈನರುಗಳನ್ನೂ ಬೇಗನೆ ತಿನ್ನುತ್ತದೆ. ಎಷ್ಟು ಗಂಟೆ ದುಡಿಯಿತು, ಎಷ್ಟು ಆಯಿಲ್ ಸೇರಿಸಲಾಯಿತು ಎಂದು ಪ್ರತಿ ಮಾಲೀಕನೂ ಒಂದು ವಹಿಯಲ್ಲಿ ಬರೆದಿಟ್ಟರೆ, ನಿರ್ಣಯವು ಊಹೆಯಿಂದಲ್ಲದೆ ಲೆಕ್ಕದಿಂದ ಆಗುವುದು. ಊರಿನ ಹಿರಿಯರು ಈ ರೂಢಿಯನ್ನು ತಮ್ಮ ಮನೆಯಿಂದಲೇ ಆರಂಭಿಸುವುದು ಯೋಗ್ಯ.