ರಾತ್ರಿ ಪಾಳಿಗೆ ಇಪ್ಪತ್ನಾಲ್ಕರ ತೇಪೆ

ರಾತ್ರಿ 10ಕ್ಕೆ ಒಳಗೆ, ಬೆಳಿಗ್ಗೆ 6ಕ್ಕೆ ಹೊರಗೆ. ಎಷ್ಟು ಗಂಟೆ ಕೆಲಸ? ಮೂರನೇ ಕ್ಲಾಸಿನ ಹುಡುಗಿ ಬೆರಳು ಎಣಿಸಿ ಎಂಟು ಅಂತಾಳೆ. ಎಕ್ಸ್‌ಎಸ್‌ಎಲ್‌ಟಿ 2.0 ಮಾತ್ರ ಮೈನಸ್ ಹದಿನಾರು ಅನ್ನುತ್ತದೆ. ಅದರ ತಪ್ಪಲ್ಲ ಬಿಡಿ. ನಾವು ಕೊಟ್ಟಿದ್ದು ಬರೀ ಗಡಿಯಾರದ ಹೊತ್ತು. ಎರಡೂ ಒಂದೇ ದಿನದ್ದು ಅಂತ ಭಾವಿಸಿ ಅದು ಕಳೆದಿದೆ.

ನನ್ನ ಜಗಳ ಇದಕ್ಕೆ ನಮ್ಮವರು ಹಚ್ಚುವ ತೇಪೆಯ ಜೊತೆ. ‘ಮೈನಸ್ ಬಂದ್ರೆ 24 ಗಂಟೆ ಕೂಡಿಸಿ, ಮುಗೀತು.’ ಹತ್ತು–ಆರಕ್ಕೆ ಸರಿ ಉತ್ತರ ಬರುತ್ತದೆ, ಟೆಸ್ಟಿಂಗ್ ಪಾಸಾಗುತ್ತದೆ, ಎಲ್ಲರೂ ಸುಮ್ಮನಾಗುತ್ತಾರೆ.

ಈಗ ಗೇಟಿನ ಸೆಕ್ಯುರಿಟಿಯವನನ್ನು ನೋಡಿ. ಬೆಳಿಗ್ಗೆ 6ಕ್ಕೆ ಬಂದ. ಬದಲಿ ಆಳು ಬರಲಿಲ್ಲ. ಮರುದಿನ 6ರ ತನಕ ನಿಂತ. ಆರರಲ್ಲಿ ಆರು ಕಳೆದರೆ ಸೊನ್ನೆ. ಸೊನ್ನೆ ಮೈನಸ್ ಅಲ್ಲವಲ್ಲ, ತೇಪೆ ಅದನ್ನು ಮುಟ್ಟುವುದೇ ಇಲ್ಲ. ಇನ್ನೂ ಒಂದು ಗಂಟೆ ನಿಂತಿದ್ದರೆ? 25 ಗಂಟೆಯ ದುಡಿಮೆ ಪಟ್ಟಿಯಲ್ಲಿ 1 ಗಂಟೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ; ನೀಟಾಗಿ ಸಂಬಳದ ಚೀಟಿ ಅಚ್ಚಾಗಿ ಬರುತ್ತದೆ.

‘ನಮ್ಮದು ಹಳೇ 1.0 ಸಾರ್, ಅದರಲ್ಲಿ ಏನೂ ಇಲ್ಲ’ ಅನ್ನೋರಿದ್ದಾರೆ. ನಿಜ, 1999ರ ಆ ಆವೃತ್ತಿಗೆ ಹೊತ್ತು ಅಂದರೆ ಬರೀ ಅಕ್ಷರಗಳ ಸಾಲು. ಗಂಟೆ, ನಿಮಿಷ ಕತ್ತರಿಸಿ 60ರಿಂದ ಗುಣಿಸಿ ಒದ್ದಾಡಬೇಕು. 2007ರಲ್ಲಿ ಬಂದ 2.0ರಲ್ಲಿ ದಿನಾಂಕವೂ ಸೇರಿದ ಡೇಟ್‌ಟೈಮ್ ಇದೆ. ಒಂದರಲ್ಲಿ ಇನ್ನೊಂದು ಕಳೆದರೆ ಅವಧಿಯೇ ಕೈಗೆ ಬರುತ್ತದೆ. ಆದರೆ ಫೈಲಿನಲ್ಲೇ ಇಲ್ಲದ ದಿನಾಂಕವನ್ನು ಯಾವ ಆವೃತ್ತಿಯೂ ಹುಟ್ಟಿಸಲಾರದು. ಅಮೆರಿಕದ ಹಾಜರಿಯಾದರೆ ಟೈಮ್‌ಝೋನೂ ಬೇಕು. ನವೆಂಬರಿನ ಒಂದು ರಾತ್ರಿ ಅಲ್ಲಿ ಬಹುತೇಕ ಕಡೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ, ಹತ್ತು–ಆರು ಒಂಬತ್ತು ಗಂಟೆಯಾಗುತ್ತದೆ.

ಇದೇನು ಹೊಸ ಜ್ಞಾನವೂ ಅಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ ಬೆಂಗಳೂರಿಂದ ಸಂಜೆ ಹೊರಟು ದೆಹಲಿ ಮುಟ್ಟೋದು ಮೂರನೇ ದಿನ; ರೈಲ್ವೆಯವರು ಗಂಟೆಯ ಪಕ್ಕ ದಿನದ ಅಂಕಿಯನ್ನೂ ಹಾಕುತ್ತಾರೆ. 1948ರ ಕಾರ್ಖಾನೆ ಕಾಯ್ದೆಯ 57ನೇ ಸೆಕ್ಷನ್, ಮಧ್ಯರಾತ್ರಿ ದಾಟಿದ ಪಾಳಿಯ ಗಂಟೆಗಳನ್ನು ಹಿಂದಿನ ದಿನಕ್ಕೇ ಸೇರಿಸಿ ಎಂದಿತ್ತು. ದಿನಕ್ಕೆ 9 ಗಂಟೆ ದಾಟಿದರೆ ದುಪ್ಪಟ್ಟು ಕೂಲಿ ಅಂತ 59ನೇ ಸೆಕ್ಷನ್. ದಿನ ಯಾವುದೆಂದೇ ಬರೆದಿಡದವರು ಓಟಿಯನ್ನು ಎಲ್ಲಿಂದ ಎಣಿಸುತ್ತಾರೆ?

‘ಡೇಟಾ ಹಂಗೇ ಬರುತ್ತೆ, ನಾವೇನು ಮಾಡೋಣ?’ ಹಾಜರಿ ಯಂತ್ರಕ್ಕೆ ದಿನಾಂಕ ಗೊತ್ತಿರುತ್ತದೆ ಸ್ವಾಮಿ. ನಡುವೆ ಯಾರೋ ‘ಟೈಮ್ ಸಾಕು’ ಅಂತ ಕಿತ್ತುಹಾಕಿರುತ್ತಾರೆ. ಕೇಳಿ ಹಾಕಿಸಿಕೊಳ್ಳಿ. ಕೊಡಲ್ಲ ಅಂದರೆ ಮೆಸೇಜ್ ಟ್ಯಾಗಿಗೆ ಟರ್ಮಿನೇಟ್ ಕೊಟ್ಟು ಕೆಲಸವನ್ನೇ ನಿಲ್ಲಿಸಿ. ನಿಂತುಹೋದ ಪ್ರೋಗ್ರಾಮಿಗೆ ಮ್ಯಾನೇಜರ್ ಕೂಗಾಡಬಹುದು, ಕೂಗಾಡಲಿ. ಸೊನ್ನೆ ಗಂಟೆಯ ಚೀಟಿ ಹಿಡಿದು ನಿಂತವನ ಕೂಗು ನಮ್ಮ ಮಹಡಿ ತನಕ ಬರೋದೇ ಇಲ್ಲ.